ಮಗುಚಿ ನೋಡದ ಮ್ಯಾಟು

ಆ ಮ್ಯಾಟಿಗೆ ನಾನು ಕರಿ ಬಣ್ಣ ಬಳಿದೆನೋ, ಬರೀ ನೀರಿನಲ್ಲಿ ತೊಳೆದು ಕೊಟ್ಟೆನೋ — ಬಹಳ ವರ್ಷ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಬರೆಯುವಾಗಲೇ ಕೈ ತಡೆಯುತ್ತದೆ. ಒಂದು ಕಾಲದಲ್ಲಿ ಚೆನ್ನಾಗಿಯೇ ಗೊತ್ತಿತ್ತು. ಆಮೇಲೆ ಗೊತ್ತಿಲ್ಲದಂತಾಯಿತು. ನಡುವೆ ಏನಾಯಿತು ಎಂಬುದನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಒಬ್ಬ ಹೆಂಗಸು ನನ್ನೆದುರು ನಿಂತು ಒಂದೇ ಒಂದು ಮಾತು ಕೇಳಿದಳು. ನಾನು ನಿಜ ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಎರಡರ ನಡುವೆ ಓದಿದವರಿಗೆ ಮಾತ್ರ ಸಿಗುವ ಒಂದು ಕಿರುದಾರಿ ಇದೆಯಲ್ಲ — ಅದರಲ್ಲಿ ನುಸುಳಿ ಹೋದೆ. ಅದರಿಂದ ಅಕ್ಕ ತಮ್ಮನನ್ನು ಕಳೆದುಕೊಂಡಳು, ತಮ್ಮ ಅಕ್ಕನನ್ನು ಕಳೆದುಕೊಂಡ. ನನಗೇನೂ ಆಗಲಿಲ್ಲ.

ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ ತಿಪಟೂರಿಗೆ ವಾಪಸ್ಸು ಬಂದಿದ್ದೆ. ತತ್ತ್ವಶಾಸ್ತ್ರದ ಮೇಷ್ಟ್ರು ಬೇಕು ಎಂದು ಯಾವ ಕಾಲೇಜೂ ಕಾದು ಕೂತಿರಲಿಲ್ಲ. ಅಣ್ಣ ಗಂಗಾಧರ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಕುಷನ್ ಅಂಗಡಿ ಇಟ್ಟಿದ್ದ. ಸ್ಕೂಟರಿನ ಸೀಟು ಹೊಲಿಯುವುದು, ಜೀಪಿಗೆ ಟಾಪು ಹಾಕುವುದು, ಕಾರಿನ ಹಳೆಯ ಮ್ಯಾಟುಗಳನ್ನು ತೊಳೆದು ಹೊಸದರಂತೆ ಮಾಡಿಕೊಡುವುದು. ಸೂಜಿಯ ಕೆಲಸ ಅಣ್ಣನದು. ಮ್ಯಾಟಿನ ಕೆಲಸ ನನ್ನ ಪಾಲಿಗೆ ಬಂತು.

"ಓದಿರೋ ಕೈ ಮೆತ್ತಗಿರ್ತದೆ ಕಣ್ಲಾ, ಸೋಪಿನ ನೀರಲ್ಲಿ ಇನ್ನೂ ಮೆತ್ತಗಾಗ್ಲಿ," ಎಂದು ಅಣ್ಣ ನಗುತ್ತಿದ್ದ.

ರಬ್ಬರ್ ಮ್ಯಾಟಾದರೆ ಸುಲಭ. ಉಜ್ಜಿ ಒಣಗಿಸಿ, ಎಣ್ಣೆ ಮಿಲ್ಲಿನಲ್ಲಿ ತಳದಲ್ಲಿ ಉಳಿದ ಗಷ್ಟು ಎಣ್ಣೆ ತಂದು ಸವರಿದರೆ ಮಿರಮಿರ ಮಿಂಚುತ್ತಿತ್ತು. ಕಷ್ಟವಿದ್ದದ್ದು ಕಾರ್ಪೆಟ್ ಮ್ಯಾಟಿನದು — ಮೇಲೆ ಕಪ್ಪು ನೂಲಿನ ಜುಂಗು, ಅಡಿಯಲ್ಲಿ ಸೆಣಬಿನ ಬೆನ್ನು. ಕೋಲಿನಿಂದ ಬಡಿದು ದೂಳು ಕೊಡವಬೇಕು, ನೆನೆಹಾಕಬೇಕು, ತೆಂಗಿನಕಾಯಿಯ ಮಟ್ಟೆಯ ತುಂಡು ಹಿಡಿದು ಒಂದೇ ದಿಕ್ಕಿಗೆ ಉಜ್ಜಬೇಕು. ಅಂಚು ಬಿಚ್ಚಿಕೊಂಡಿದ್ದರೆ ಅಣ್ಣ ರೆಕ್ಸಿನ್ ಪಟ್ಟಿ ಕೊಟ್ಟು ಹೊಲಿಯುತ್ತಿದ್ದ.

ನಮ್ಮ ಸೀಮೆಯ ಗಾಡಿಗಳಿಗೆ ನಮ್ಮದೇ ಒಂದು ಕಲೆ ಇದೆ. ಯಾರ ಕಾರಾದರೂ ಸರಿ, ಒಂದಲ್ಲ ಒಂದು ದಿನ ಅದರಲ್ಲಿ ಎಳನೀರೋ ಹಸಿ ಕಾಯಿಯೋ ಕೂರದೆ ಇರುವುದಿಲ್ಲ. ಎಳನೀರು, ಹಸಿ ಮಟ್ಟೆಯ ರಸ — ಬಿದ್ದಾಗ ಏನೂ ಕಾಣುವುದಿಲ್ಲ. ಒಂದೆರಡು ದಿನಕ್ಕೆ ಕಂದಾಗುತ್ತದೆ, ಆಮೇಲೆ ತುಕ್ಕಿನ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತುಬಿಡುತ್ತದೆ. ಒಣಗಿದ ರಕ್ತವೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಕಾಯಿ ಕೆಲಸಕ್ಕೆಂದೇ ಪ್ರತಿ ಮನೆಯಲ್ಲೂ ಒಂದು ಅಂಗಿ ಬೇರೆ ಇಟ್ಟಿರುತ್ತಾರೆ — ಆ ಕಲೆ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು.

ಆದರೆ ನಮ್ಮ ಅಂಗಡಿಯ ಬೋರ್ಡಿನ ಮೇಲೆ "ಯಾವುದೇ ಕಲೆ ತೆಗೆದುಕೊಡಲಾಗುವುದು" ಎಂದು ಬರೆದಿತ್ತು. ಕಾಯಿ ಕಲೆ ತೆಗೆಯುವ ಕುಷನ್ ಅಂಗಡಿ ಎಂದೇ ನಮಗೆ ಹೆಸರು. ತುರುವೇಕೆರೆಯಿಂದ, ಚಿಕ್ಕನಾಯಕನಹಳ್ಳಿಯಿಂದ ಕಾರು ತರುತ್ತಿದ್ದರು. ಯಾವುದೋ ಪುಡಿ ಇದೆ, ಅಣ್ಣ ಗುಟ್ಟು ಬಿಡುವುದಿಲ್ಲ ಎಂದು ಜನ ಮಾತಾಡಿಕೊಳ್ಳುತ್ತಿದ್ದರು.

ಪುಡಿ ಇತ್ತು. ಬಟ್ಟೆಗೆ ಹಾಕುವ ಕರಿ ಬಣ್ಣದ ಪುಡಿ. ಕಾಯಿ ಕಲೆಯನ್ನು ನಾವೂ ತೆಗೆಯುತ್ತಿರಲಿಲ್ಲ, ಮುಚ್ಚುತ್ತಿದ್ದೆವು. ಬಣ್ಣಕ್ಕೆ ಉಪ್ಪು ಹಾಕಿ ಕುದಿಸಿ, ಇಡೀ ಮ್ಯಾಟಿಗೆ ಬ್ರಷ್ಷಿನಲ್ಲಿ ಬಳಿದು, ಹಿತ್ತಲಿನಲ್ಲಿ ಒಣಹಾಕುವುದು. ಕಲೆ ಕಪ್ಪಿನೊಳಗೆ ಮುಳುಗಿಹೋಗುತ್ತಿತ್ತು.

ಒಮ್ಮೆ ಒಬ್ಬರು ಬಂದು, "ಏನ್ ಗಂಗಣ್ಣ, ನಿನ್ನ ಮ್ಯಾಟಿನ ಮೇಲೆ ಕಾಲಿಟ್ಟು ನನ್ನ ಹೆಂಡ್ತಿ ಪಾದ ಎಮ್ಮೆ ಗೊರಸು ಆದಂಗಾಯ್ತಲ್ಲಯ್ಯ," ಎಂದರು.

ಅಣ್ಣ ಸೂಜಿಯಿಂದ ತಲೆ ಎತ್ತಲಿಲ್ಲ. "ಹೊಸದ್ರಲ್ಲಿ ಹಂಗೇ ಕಣ್ರೀ. ಸ್ವಲ್ಪ ದಿನ ಅಮ್ಮಾವ್ರನ್ನ ನಡೆಸ್ಕಂಡು ಓಡಾಡಿ."

ಆ ಬಣ್ಣ ಜುಂಗಿನಿಂದ ಇಳಿದು ಅಡಿಯ ಸೆಣಬನ್ನೂ ಹಿಡಿಯುತ್ತಿತ್ತು. ಒಮ್ಮೆ ಬಣ್ಣ ಕುಡಿದ ಮ್ಯಾಟನ್ನು ಮಗುಚಿದರೆ ಬೆನ್ನು ಕಪ್ಪು, ಸಾಯುವವರೆಗೂ ಕಪ್ಪು. ಆದರೆ ಕಾರಿನ ಮ್ಯಾಟನ್ನು ಯಾರು ಮಗುಚಿ ನೋಡುತ್ತಾರೆ? ಹಾಗಾಗಿ ಗುಟ್ಟು ನಮ್ಮಿಬ್ಬರಲ್ಲೇ ಇತ್ತು.

ಇನ್ನು ಚಿತ್ತಣ್ಣ. ಚಿತ್ತಯ್ಯ ಎಂದು ಹೆಸರು. ಹುಳಿಯಾರಿನ ಆಚೆ, ಬೋರನಕಣಿವೆಯ ಕಡೆಯ ಒಂದು ಹಟ್ಟಿಯವನು. ಮನೆಯವರೆಲ್ಲ ಕುರಿ ಹಿಂದೆ ಹೋದರೆ ಇವನು ಸ್ಟೇರಿಂಗ್ ಹಿಡಿದ. ತಿಪಟೂರಿನ ಕಾರ್ ಸ್ಟ್ಯಾಂಡಿನಲ್ಲಿ ಅವನ ಅಂಬಾಸಿಡರು ನಿಲ್ಲುತ್ತಿತ್ತು. ಮದುವೆ ಬಾಡಿಗೆಯೇ ಅವನ ಜೀವನ. ಹೆಣ್ಣು ಗಂಡು ಕೂರುವ ಕಾರು ಎಂದು ಅದಕ್ಕೆ ಒಂದು ಮಡಿ ಇಟ್ಟುಕೊಂಡಿದ್ದ. ಹಿಂದಿನ ಸೀಟಿನ ಕೆಳಗೆ ಉದ್ದಕ್ಕೂ ಒಂದೇ ಕಾರ್ಪೆಟ್ ಮ್ಯಾಟು. ಅದನ್ನು ಮಾಡಿಕೊಟ್ಟದ್ದೂ ನಮ್ಮಣ್ಣನೇ. ಅವತ್ತು ಕಪ್ಪು ರೆಕ್ಸಿನ್ ಮುಗಿದಿದ್ದರಿಂದ ಅಂಚಿಗೆ ಕುಂಕುಮದ ಬಣ್ಣದ ಪಟ್ಟಿ ಹಾಕಿದ್ದ. "ಮದ್ವೆ ಕಾರಿಗೆ ಕುಂಕುಮನೇ ಸರಿ ಬುಡಿ," ಎಂದು ಚಿತ್ತಣ್ಣ ಖುಷಿಪಟ್ಟಿದ್ದ. ಇಡೀ ತಾಲೂಕಿನಲ್ಲಿ ಅಂಥ ಅಂಚಿನ ಮ್ಯಾಟು ಇನ್ನೊಂದಿರಲಿಲ್ಲ.

ಈರಮ್ಮ ಅವನ ಅಕ್ಕ, ಎಲ್ಲರಿಗೂ ಈರಕ್ಕ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಗಂಡ ಕ್ಯಾತಣ್ಣ ಅದೇ ಹಟ್ಟಿಯವನು. ಭಾವ ಭಾವಮೈದುನರಿಗೆ ಒಂದು ಮುನಿಸಿತ್ತು. ಕ್ಯಾತಣ್ಣ ಯಾವಾಗಲೋ ಕಾಯಿಲೆ ಬಿದ್ದ ಕುರಿಮರಿಯೊಂದನ್ನು ಕಾರಿಗೆ ಹಾಕಿಕೋ ಎಂದು ತಂದಾಗ, ಚಿತ್ತಣ್ಣ ಮ್ಯಾಟು ಗಲೀಜಾಗುತ್ತದೆ ಎಂದು ಬಾಗಿಲು ಹಾಕಿದನಂತೆ. "ಇನ್ ನಿನ್ ಕಾರು ತುಳಿದ್ರೆ ಕೇಳ್ಲಾ," ಎಂದು ಹೇಳಿ ಹೋದ ಭಾವ ಆಮೇಲೆ ಮಾತು ಬಿಟ್ಟಿದ್ದ. ಹಟ್ಟಿಯವರೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದರಂತೆ — ಆಗ.

ಒಂದು ದಿನ ಬೆಳಿಗ್ಗೆ ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಅಣ್ಣ ರೆಕ್ಸಿನ್ ತರಲು ತುಮಕೂರಿಗೆ ಹೋಗಿದ್ದ. ಚಿತ್ತಣ್ಣ ಕಾರು ನಿಲ್ಲಿಸಿ ಇಳಿದ. ಮುಖ ತೊಳೆದಂತಿರಲಿಲ್ಲ. ಹಿಂದಿನ ಮ್ಯಾಟನ್ನು ತಾನೇ ಸುರುಳಿ ಸುತ್ತಿ ಕಂಕುಳಲ್ಲಿ ಹಿಡಿದು ತಂದ.

"ಬೇಗ ತೊಳ್ಕೊಡಿ ಮೇಷ್ಟ್ರೇ. ಮದ್ವೆ ಕಾಲ." ಕೆಲಸ ಸಿಗುವ ಮೊದಲೇ ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದವನು ಅವನೊಬ್ಬನೇ.

ಬಿಡಿಸಿ ನೋಡಿದೆ. ಅರ್ಧದಷ್ಟು ಅಗಲಕ್ಕೆ ಜುಂಗು ಅಂಟಿಕೊಂಡು ಗಟ್ಟಿಯಾಗಿತ್ತು.

"ಏನಣ್ಣ ಇದು?"

"ಎಳ್ನೀರು. ಹಿಂದ್ಗಡೆ ಹಾಕ್ಕಂಡಿದ್ದೆ, ಒಡ್ದೋಯ್ತು."

ಆ ಕಾರಿನಲ್ಲಿ ಅವನು ಒಂದು ಕಾಯಿಯನ್ನೂ ಹಾಕುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಆದರೂ ನಾನು ಕೇಳಲಿಲ್ಲ. ಅವನು ಮತ್ತೆ ಹೊರಗೆ ಹೋಗಿ, ಒಂದು ಹಳೆ ಬಟ್ಟೆ ತೆಗೆದುಕೊಂಡು ಕಾರಿನ ನೆಲವನ್ನು ತಾನೇ ಒರೆಸತೊಡಗಿದ. ನಾನು ಸಹಾಯಕ್ಕೆ ಹೋದರೆ, "ಬುಡಿ ಬುಡಿ, ನಾನೇ ಮಾಡ್ಕತೀನಿ," ಎಂದ.

ಮುಂದಿನದನ್ನು ನಾನು ಎಷ್ಟೋ ಬಾರಿ ಮನಸ್ಸಿನಲ್ಲಿ ನಡೆಸಿ ನೋಡಿದ್ದೇನೆ. ತಣ್ಣೀರಿನಲ್ಲಿ ನೆನೆಹಾಕಿದೆ — ಒಲೆ ಹಚ್ಚಿರಲಿಲ್ಲವೆಂದೋ, ಬಿಸಿನೀರು ಹಾಕಿದರೆ ರಕ್ತ ಕಚ್ಚಿಕೊಳ್ಳುತ್ತದೆ ಎಂದು ಕೈಗೆ ಗೊತ್ತಿತ್ತೆಂದೋ? ನೀರಿಗೆ ಬಣ್ಣ ಬಿಟ್ಟಿತು. ಕೆಂಪು ಎಂದು ಈಗ ಅನ್ನಿಸುತ್ತದೆ. ಆದರೆ ನಮ್ಮ ಟಬ್ಬೇ ಕೆಂಪು ಪ್ಲಾಸ್ಟಿಕ್ಕಿನದು. ಅದರಲ್ಲಿ ಬರೀ ನೀರು ನಿಂತರೂ ಕೆಂಪಗೇ ಕಾಣುತ್ತಿತ್ತು. ವಾಸನೆ? ಒದ್ದೆ ಸೆಣಬು, ಸೋಪು… ಇನ್ನೇನೋ ಒಂದು ಇತ್ತು. ಅಥವಾ ಆಮೇಲೆ ಕಥೆ ಕೇಳಿದ ನಂತರ ನಾನೇ ಸೇರಿಸಿಕೊಂಡೆನೋ. ಒಂದು ಮಾತ್ರ: ಕಲೆ ಬಿಟ್ಟಿತು. ಮಟ್ಟೆಯ ತುಂಡಿನಿಂದ ಉಜ್ಜಿದಂತೆ ಬಿಡುತ್ತಾ ಹೋಯಿತು. ಜುಂಗು ಮೆತ್ತಗಾಗಿ, ಮೊದಲಿನ ಹಾಗೇ ಮಾಸಲು ಕಪ್ಪಾಗಿ ನಿಂತಿತು. ಬಣ್ಣದ ಪಾತ್ರೆಯನ್ನು ಮುಟ್ಟಬೇಕಾಗಲಿಲ್ಲ — ಹಾಗೆಂದು ಆಗ ನನಗೆ ನೆನಪಿತ್ತು.

ಚಿತ್ತಣ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಹೋಯ್ತಾ?" ಎಂದ. "ಹೋಯ್ತಣ್ಣ," ಎಂದೆ. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಬಹಳ ಹೊತ್ತು ಏಳಲಿಲ್ಲ.

ಸುದ್ದಿ ನನಗೆ ಆಮೇಲೆ ತಿಳಿಯಿತು. ಅದಕ್ಕೆ ಹಿಂದಿನ ದಿನ ಕ್ಯಾತಣ್ಣನ ಮಣ್ಣಾಗಿತ್ತು. ಹುಳಿಯಾರಿನ ಕಡೆಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದವನನ್ನು ಯಾವುದೋ ಲಾರಿ ಹೊಡೆದು ಹೋಗಿತ್ತು. ರಸ್ತೆ ಬದಿಯ ಹೊಂಗೆ ಮರದಡಿ ಹೆಣ ಬಿದ್ದಿರುವುದನ್ನು ತಾನೇ ಮೊದಲು ಕಂಡದ್ದು ಎಂದು ಹಟ್ಟಿಗೆ ಓಡಿ ಬಂದು ಹೇಳಿದವನು ಚಿತ್ತಣ್ಣ. ಲಾರಿ ಸಿಗಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಬ್ಬ ಕುರಿ ಕಾಯುವವನು ಬೇರೆ ಮಾತು ಎತ್ತಿದ. ಅವನು ಆ ದಿನ ರಸ್ತೆಯ ಮುಂದಿನ ದಿಣ್ಣೆಯ ಮೇಲಿದ್ದನಂತೆ. ಚಿತ್ತಯ್ಯನ ಕಾರು ಆ ಮರದ ಕಡೆಯಿಂದಲೇ ಬಂದು ಜೋರಾಗಿ ಚಿಕ್ಕನಾಯಕನಹಳ್ಳಿಯತ್ತ ಹೋಯಿತು; ತುಂಬ ಹೊತ್ತಾದ ಮೇಲೆ ಅದೇ ಕಾರು ವಾಪಸ್ಸು ಬಂತು; ಆಮೇಲೆ ಹಟ್ಟಿಯಲ್ಲಿ ಗೋಳು ಎದ್ದಿತು. ಅಂದರೆ — ಮುನಿಸಿದ್ದ ಭಾವ ರಸ್ತೆಯಲ್ಲಿ ಒದ್ದಾಡುತ್ತಿದ್ದಾಗ ಕಂಡೂ ಕಾಣದಂತೆ ಹೋದ. ಮ್ಯಾಟು ಗಲೀಜಾಗುತ್ತದೆ ಎಂದು. ಸತ್ತ ಮೇಲೆ ಬಂದ. ಹಟ್ಟಿ ಹೀಗೆ ಲೆಕ್ಕ ಹಾಕಿತು. ಕುರಿಮರಿಯ ಕಥೆಗೆ ಈಗ ಯಾರೂ ನಗಲಿಲ್ಲ.

ಆಗ ಚಿತ್ತಣ್ಣ ಅಕ್ಕನ ಕಾಲು ಹಿಡಿದು ಇನ್ನೊಂದು ಹೇಳಿದ. ಭಾವ ಬಿದ್ದಿದ್ದಾಗ ಉಸಿರಿತ್ತು. ಎತ್ತಿ ಹಿಂದಿನ ಸೀಟಿನ ಕೆಳಗೆ ಮ್ಯಾಟಿನ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆ. ದಾರಿಯಲ್ಲೇ ಹೋಗಿಬಿಟ್ಟ. ಹೆಣ ಹೊತ್ತ ಕಾರಿಗೆ ನಾಳೆ ಯಾರು ಮದುವೆ ಹೆಣ್ಣನ್ನು ಹತ್ತಿಸುತ್ತಾರೆ ಎಂದು ಬುದ್ಧಿ ಕೆಟ್ಟಿತು. ತಿರುಗಿಸಿಕೊಂಡು ಬಂದು, ಎತ್ತಿದ ಮರದಡಿಯೇ ಮಲಗಿಸಿದೆ. ಇಷ್ಟು ತಪ್ಪು ಮಾಡಿದ್ದೇನೆ ಅಕ್ಕ. ಬಿಟ್ಟು ಹೋದೆ ಅನ್ನಬೇಡ.

ಅವಳಿಗೆ ಬೇಕಿದ್ದದ್ದೂ ಅಷ್ಟೇ. ಮಲಗಿಸಿದ್ದು, ಮುಚ್ಚಿಟ್ಟದ್ದು — ಅದನ್ನೆಲ್ಲ ಅವಳು ನುಂಗಿಕೊಳ್ಳುತ್ತಿದ್ದಳು. ಎತ್ತಿದನೇ, ಎತ್ತಲಿಲ್ಲವೇ? ನೋಡಿದವರು ಯಾರು? ಯಾರೂ ಇಲ್ಲ. ಚಿತ್ತಣ್ಣನಿಗೆ ನೆನಪಾದದ್ದು ಮ್ಯಾಟು ತೊಳೆದ ಮೇಷ್ಟ್ರು. ಕಾರಿನ ಕಲೆ ಕಂಡು ಕೇಳಿದವರಿಗೆಲ್ಲ ಅವನು ಎಳನೀರು ಎಂದೇ ಹೇಳಿದ್ದನಂತೆ.

ಮೂವರು ಬಸ್ಸಿನಲ್ಲಿ ಬಂದರು. ಈರಕ್ಕ, ಹಟ್ಟಿಯ ಯಜಮಾನ, ಹಿಂದೆ ಚಿತ್ತಣ್ಣ. ಅಣ್ಣ ಮಿಷನ್ನಿನ ಮುಂದೆ ಕೂತಿದ್ದ. ಸೀಟು ಹೊಲಿಸಲು ಬಂದ ಇಬ್ಬರು ಗಿರಾಕಿಗಳೂ ಇದ್ದರು. ಈರಕ್ಕ ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಒಂದೇ ಮಾತು ಕಣಪ್ಪ. ಓದ್ದೋನು ನೀನು. ನೀನ್ ತೊಳ್ದಿದ್ದು ನೆತ್ತರೋ, ಎಳ್ನೀರೋ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನ ಅಣ್ಣನ ಕಡೆ ತಿರುಗಿದ. "ಎಳ್ನೀರು ಕಲೆ ಹೋಗ್ತದೇನಯ್ಯ? ನಮಗೆ ತಿಳಿದಂಗೆ ಹೋಗಲ್ಲ."

ಆ ಮುದುಕ ಕೇಳಿದ್ದು ಸರಿಯಾದ ಪ್ರಶ್ನೆ. ಅಣ್ಣನಿಗೆ ಹಿಂದುಮುಂದು ಏನೂ ಗೊತ್ತಿರಲಿಲ್ಲ. ಗಿರಾಕಿಗಳ ಮುಂದೆ ದಿನವೂ ಹೇಳುವ ಮಾತು ತಾನಾಗಿ ಹೊರಗೆ ಬಂತು: "ನಮ್ಮಲ್ಲಿ ಹೋಗದ ಕಲೆನೇ ಇಲ್ಲ ಯಜಮಾನ್ರೇ."

ಎಲ್ಲರೂ ನನ್ನ ಮುಖ ನೋಡಿದರು.

ಆಗ ನನಗೆ ಚೆನ್ನಾಗಿ ನೆನಪಿತ್ತು. ನೀರಿಗೆ ಬಿಟ್ಟ ಕಲೆ ಅದು. ಎಳನೀರಾಗಿದ್ದರೆ ಬಣ್ಣ ಬಳಿಯಬೇಕಾಗುತ್ತಿತ್ತು, ಬಳಿದಿರಲಿಲ್ಲ. ಎರಡು ವಾಕ್ಯದ ತರ್ಕ. ಆದರೆ ಅದನ್ನು ಹೇಳಬೇಕಾದರೆ ಅಣ್ಣ ಈಗ ತಾನೇ ಆಡಿದ ಮಾತು ಸುಳ್ಳು ಎನ್ನಬೇಕು, ಬೋರ್ಡು ಸುಳ್ಳು ಎನ್ನಬೇಕು, ನಾವು ಕಲೆ ತೆಗೆಯುವವರಲ್ಲ ಮುಚ್ಚುವವರು ಎಂದು ಆ ಗಿರಾಕಿಗಳ ಎದುರು… ಅದೊಂದೇ ಕಾರಣವೇ? ಪೊಲೀಸರು ಬಂದು ನೀನೇಕೆ ತೊಳೆದೆ ಎಂದು ಕೇಳಿದರೆ ಎಂಬ ಹೆದರಿಕೆಯೂ ಇತ್ತು. ಇನ್ನೊಂದನ್ನೂ ಹೇಳಿಬಿಡುತ್ತೇನೆ: ಕಂಡದ್ದನ್ನೆಲ್ಲ ನಂಬಬಾರದು ಎಂದು ಕಲಿತು ಬಂದಿದ್ದ ನನಗೆ, ಹಾಗೆ ಅನುಮಾನಪಡುವುದರಲ್ಲಿ ಒಂದು ಜಂಬ ಇತ್ತು. ಯಾವುದು ಎಷ್ಟು ಪಾಲು — ಅಳೆಯಲಾರೆ.

"ಖಂಡಿತವಾಗಿ ಹೇಳೋಕಾಗಲ್ಲಮ್ಮ," ಎಂದೆ. "ರಕ್ತ ಇರಬಹುದು. ಎಳನೀರೂ ಇರಬಹುದು. ಅವರು ಎಳನೀರು ಅಂತಲೇ ಹೇಳಿ ಕೊಟ್ಟಿದ್ರು."

ಕೊನೆಯ ಮಾತು ಯಾರೂ ಕೇಳಿರಲಿಲ್ಲ. ಅದನ್ನು ನಾನಾಗಿ ಸೇರಿಸಿದೆ. ಅದು ನಿಜವೂ ಆಗಿತ್ತು. ನಿಜವಾದ ಮಾತಿನಿಂದ ಒಬ್ಬನನ್ನು ಇಷ್ಟು ಪೂರ್ತಿಯಾಗಿ ಮುಗಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.

ಈರಕ್ಕ ಹಿಡಿದಿದ್ದ ಸೆರಗನ್ನು ಬಿಟ್ಟಳು. "ಇರ್ಬೋದು… ಈ ಇರ್ಬೋದು ಅನ್ನದ್ನ ಹೊತ್ಕಂಡು ನಾನ್ ಎತ್ಲಾಗ್ ಹೋಗ್ಲಪ್ಪಾ?"

ಉತ್ತರ ಕೊಟ್ಟವನು ಚಿತ್ತಣ್ಣ. "ಬುಡಕ್ಕ. ಮೇಷ್ಟ್ರಿಗೆ ಗ್ಯಾಪಕ ಇಲ್ಲ."

ಕೋಪವಿರಲಿಲ್ಲ ಆ ಮಾತಿನಲ್ಲಿ. ನನ್ನನ್ನು ಬಿಡಿಸುವ ಹಾಗೆ ಹೇಳಿದ. ಅವನು ಅಂದು ನನಗೆ ಕೊಟ್ಟ ಆ ನೆಪದಲ್ಲೇ ನಾನು ಆಮೇಲಿನ ವರ್ಷಗಳನ್ನೆಲ್ಲ ಕಳೆದೆ.

ಹೇಗೆಂದರೆ — ನನಗೆ ನಿಜವಾಗಿಯೂ ಮರೆಯತೊಡಗಿತು. ಎಳನೀರೂ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡಂತೆಲ್ಲ, ಮ್ಯಾಟು ಹಿತ್ತಲಿನಲ್ಲಿ ಒಣಗುತ್ತಿದ್ದ ಚಿತ್ರಕ್ಕೆ ಪಕ್ಕದಲ್ಲೊಂದು ಬಣ್ಣದ ಪಾತ್ರೆ ಬಂದು ಸೇರಿತು. ಆಮೇಲೆ ಬ್ರಷ್ಷು. ಆಮೇಲೆ ನನ್ನ ಉಗುರು ಸಂದಿಯ ಕಪ್ಪು. ಸಾವಿರ ಮ್ಯಾಟಿಗೆ ಬಳಿದಿದ್ದ ಕೈ — ಇದಕ್ಕೂ ಬಳಿದಿರಬೇಕು ಎಂದಿತು. ಕೆಲವು ದಿನ ಅದನ್ನು ನಂಬಿ ನೆಮ್ಮದಿಯಾಗಿಯೂ ಇದ್ದೆ.

ಹಟ್ಟಿಯಲ್ಲಿ ಚಿತ್ತಣ್ಣನಿಗೆ ಯಾರೂ ದಂಡ ಹಾಕಲಿಲ್ಲ, ಬಯ್ಯಲಿಲ್ಲ. ಈರಕ್ಕ ಮಾತು ಬಿಟ್ಟಳು, ಅಷ್ಟೇ. ಹಬ್ಬಕ್ಕೆ ಚಿತ್ತಣ್ಣ ಮನೆ ಬಾಗಿಲಿಗೆ ಬಂದರೆ ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದಳಂತೆ.

ಕೆಲವು ವರ್ಷಗಳ ನಂತರ, ನಾನು ಇನ್ನೂ ಅಂಗಡಿಯಲ್ಲೇ ಇದ್ದಾಗ, ಅವನು ಅದೇ ಮ್ಯಾಟನ್ನು ಮತ್ತೆ ತಂದ. ಈ ಸಲ ಕಲೆಯೇನೂ ಇರಲಿಲ್ಲ, ಬರೀ ದೂಳು.

"ಚೆನ್ನಾಗ್ ತೊಳೀರಿ ಮೇಷ್ಟ್ರೇ. ನಮ್ಮಕ್ಕನ ಮಗಳ ಮದ್ವೆ."

"ಕರೆದಿದಾರಾ?" ಎಂದು ಅಣ್ಣ ಕೇಳಿದ.

"ಕರೀತಾರೆ. ಸೋದರಮಾವ ಇಲ್ದಲೆ ಹೆಣ್ಣನ್ನ ಹಸೆಗೆ ಕರ್ಕಂಡ್ ಹೋಗೋರು ಯಾರು ಗಂಗಣ್ಣ? ಶಾಸ್ತ್ರ ಐತಲ್ಲ."

ಮ್ಯಾಟು ನನ್ನ ಕೈಯಲ್ಲಿತ್ತು. ಬಣ್ಣ ಕುಡಿದ ಮ್ಯಾಟಿನ ಬೆನ್ನು ಕಪ್ಪು ಎಂದು ನನಗೆ ಗೊತ್ತು. ಒಮ್ಮೆ ಮಗುಚಿದ್ದರೆ ಸಾಕಿತ್ತು. ತೊಳೆಯುವಾಗ ಮಗುಚುವುದು ಕ್ರಮವೂ ಹೌದು. ಅವತ್ತು ಮಾತ್ರ ಮೇಲಿನಿಂದ ನೀರು ಹಾಯಿಸಿ, ಕೊಡವಿ, ಹಾಗೇ ಸುರುಳಿ ಸುತ್ತಿ ಕೊಟ್ಟೆ. ಕಣ್ಣು ಬೇರೆ ಕಡೆ ಇಟ್ಟುಕೊಂಡು ಕೆಲಸ ಮಾಡಿದ್ದು ನೆನಪಿದೆ — ಇದೊಂದರಲ್ಲಿ ನನಗೆ ಅನುಮಾನವಿಲ್ಲ. ಮಗುಚಿದರೆ ಏನು ಕಾಣುತ್ತದೆ ಎಂದು ಒಳಗೆ ಎಲ್ಲೋ ತಿಳಿದಿದ್ದವನು ಮಾತ್ರ ಹಾಗೆ ಮಾಡುತ್ತಾನೆ.

ಅವನನ್ನು ಯಾರೂ ಕರೆಯಲಿಲ್ಲ. ಹುಳಿಯಾರಿನ ಛತ್ರದ ಎದುರು ರಸ್ತೆಯ ಆಚೆ, ಕಾರಿಗೆ ಹೂವು ಕಟ್ಟಿಕೊಂಡು ಮುಹೂರ್ತ ಮುಗಿಯುವವರೆಗೂ ನಿಂತಿದ್ದನಂತೆ. ತನ್ನ ಗಂಡನ ಕಡೆಯ ಯಾರನ್ನೋ ಸೋದರಮಾವನ ಜಾಗದಲ್ಲಿ ನಿಲ್ಲಿಸಿ ಈರಕ್ಕ ಶಾಸ್ತ್ರ ಮುಗಿಸಿದಳು. "ಹೂವ ದಂಡ ಆಯ್ತು ಗಂಗಣ್ಣ," ಎಂದು ಆಮೇಲೆ ಅಂಗಡಿಗೆ ಬಂದು ನಕ್ಕ. ನಾನೂ ಅಲ್ಲೇ ಇದ್ದೆ. ನಗಬೇಕೋ ಬೇಡವೋ ತಿಳಿಯದೆ ಮಟ್ಟೆಯ ತುಂಡನ್ನು ನೀರಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದೆ.

ನನಗೆ ಕೊನೆಗೂ ಬೇರೆ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ತರ್ಕಶಾಸ್ತ್ರ ಹೇಳಿಕೊಡುತ್ತಿದ್ದೆ — ಹೊಗೆ ಕಂಡರೆ ಬೆಂಕಿ ಇರಬೇಕು ಎಂಬಲ್ಲಿಂದ ಶುರು. ರಜೆಗೆ ಬಂದಾಗ ಚಿತ್ತಣ್ಣ ಸಿಗುತ್ತಿದ್ದ. "ಈಗ ನಿಜವಾಗ್ಲೂ ಮೇಷ್ಟ್ರಾದ್ರಿ ನೋಡಿ," ಎನ್ನುತ್ತಿದ್ದ. ಅವನಿಗೆ ಕಾಮಾಲೆ ಬಂತು. ನಾಟಿ ಔಷಧ ಕುಡಿಯುತ್ತಾ ಕಾಲ ತಳ್ಳಿದ. ಉಳಿಯಲಿಲ್ಲ.

ಮಣ್ಣಿಗೆ ಅಣ್ಣ, ನಾನು ಇಬ್ಬರೂ ಹೋದೆವು. ಎಲ್ಲರೂ ಸಾಲಾಗಿ ಬಂದು ಹಿಡಿ ಮಣ್ಣು ಹಾಕುತ್ತಿದ್ದರು. ಈರಕ್ಕ ಬಂದಿದ್ದಳು. ದೂರದಲ್ಲಿ ಜಾಲಿ ಮರದ ಹತ್ತಿರ ನಿಂತಿದ್ದಳು. ಯಾರೋ ಹೆಂಗಸು ಹೋಗಿ ಕೈ ಹಿಡಿದು ಕರೆದಳು. ಈರಕ್ಕ ಬಗ್ಗಿ ನೆಲದಿಂದ ಮಣ್ಣು ಎತ್ತಿಕೊಂಡಳು. ಎರಡು ಹೆಜ್ಜೆ ಮುಂದೆ ಬಂದಳು. ಅಲ್ಲಿಯೇ ನಿಂತಳು. ಆಮೇಲೆ ಮುಷ್ಟಿ ಬಿಚ್ಚಿ, ಮಣ್ಣನ್ನು ಅದು ಬಂದ ಜಾಗಕ್ಕೇ ಬಿಟ್ಟು, ತಿರುಗಿ ಹಟ್ಟಿಯತ್ತ ನಡೆದಳು.

ನಾನು ಹಾಕಿದೆ. ನನ್ನ ಹಿಡಿ ಮಣ್ಣು ಅವನ ಮೇಲೆ ಬಿತ್ತು.

ಅದಾದ ಮೇಲೆ ಒಂದು ಭಾನುವಾರ ಒಬ್ಬನೇ ಹಟ್ಟಿಗೆ ಹೋದೆ. ಈರಕ್ಕ ಬಾಗಿಲ ಮುಂದೆ ಕೂತು ಉಣ್ಣೆ ಹಿಂಜುತ್ತಿದ್ದಳು. ಗುರುತು ಹಿಡಿದಳು. ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಎಲ್ಲವನ್ನೂ ಹೇಳಿದೆ — ಬೋರ್ಡು, ಬಣ್ಣ, ಅಣ್ಣನ ಮಾತು, ನನ್ನ ಹೆದರಿಕೆ. ಹೇಳಿ, "ಅವತ್ತು ಮ್ಯಾಟಿನಲ್ಲಿದ್ದದ್ದು ರಕ್ತವೇ ಇರಬೇಕು ಈರಕ್ಕ," ಎಂದೆ.

ಅವಳ ಕೈ ನಿಂತಿತು. "ಇರ್ಬೇಕು?"

ನಾನು ನೆಲಕ್ಕೆ ಬಿದ್ದಿದ್ದ ಉಣ್ಣೆಯ ಎಳೆಯೊಂದನ್ನು ಎತ್ತಿ ಅವಳ ರಾಶಿಗೆ ಹಾಕಿದೆ.

"ಆವತ್ತು ಇರ್ಬೋದು ಅಂದೆ. ಇವತ್ತು ಇರ್ಬೇಕು ಅಂತೀಯಾ. ಐತೆ ಅನ್ನಕ್ಕೆ ಇನ್ನೆಷ್ಟ್ ಓದ್ಬೇಕಪ್ಪಾ ನೀನು?"

ಹೌದು, ಅದು ರಕ್ತವೇ ಎಂದು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು, ಕೇಳಲೆಂದೇ ಕೂತಿದ್ದಳು. ಆದರೆ ಆ ಹೊತ್ತಿಗೆ ನನ್ನ ತಲೆಯೊಳಗೆ ಬಣ್ಣದ ಪಾತ್ರೆ, ಬ್ರಷ್ಷು, ಉಗುರಿನ ಕಪ್ಪು ಎಲ್ಲ ಸ್ಪಷ್ಟವಾಗಿದ್ದವು. ನಿಜ ಯಾವುದು, ನಾನೇ ಕಟ್ಟಿಕೊಂಡದ್ದು ಯಾವುದು — ಬೇರೆ ಮಾಡಲಾಗಲಿಲ್ಲ. ಗೊತ್ತಿದ್ದದ್ದನ್ನು ಗೊತ್ತಿಲ್ಲ ಎಂದು ಹೇಳಿ ಒಬ್ಬನನ್ನು ಕೆಡಿಸಿದ ಮೇಲೆ, ಗೊತ್ತಿಲ್ಲದ ಮಾತನ್ನು ಗೊತ್ತು ಎಂದು ಹೇಳಿ ಇನ್ನೊಬ್ಬಳನ್ನು ಸಮಾಧಾನ ಮಾಡಲೇ? ಬಾಯಿ ಬರಲಿಲ್ಲ. ಅದು ಪ್ರಾಮಾಣಿಕತೆಯೋ, ಮತ್ತದೇ ಹಳೆಯ ಕಿರುದಾರಿಯೋ — ಅದೂ ತಿಳಿಯಲಿಲ್ಲ.

ಈರಕ್ಕ ಮತ್ತೆ ಉಣ್ಣೆ ಹಿಂಜತೊಡಗಿದಳು. "ಬಸ್ಸು ಹೊಂಟೋಯ್ತದೆ, ಹೋಗು," ಎಂದಳು.

ಕಳೆದ ರಜೆಯಲ್ಲಿ ತಿಪಟೂರಿಗೆ ಬಂದಾಗ ಅಂಗಡಿಯ ಮುಂದೆ ಆ ಅಂಬಾಸಿಡರು ನಿಂತಿತ್ತು. ಮನೆಯವರು ಮಾರಿದ್ದರು. ಕೊಂಡವನು ಒಳಗಿನದೆಲ್ಲ ಹೊಸದು ಹಾಕು ಎಂದು ಬಿಟ್ಟು ಹೋಗಿದ್ದ. ಕಿತ್ತ ಸೀಟು, ಹರಿದ ಸ್ಪಂಜು, ಎಲ್ಲದರ ಮೇಲೆ ಮಡಿಸಿ ಎಸೆದ ಉದ್ದನೆಯ ಮ್ಯಾಟು. ಕುಂಕುಮದ ಅಂಚು ಅಲ್ಲಲ್ಲಿ ಬಿಟ್ಟಿತ್ತು.

ಅಣ್ಣ ನನ್ನನ್ನೇ ನೋಡುತ್ತಿದ್ದ. ನಾನು ಅವನಿಗೂ ಎಲ್ಲವನ್ನೂ ಹೇಳಿದ್ದೆ. "ನಾನ್ ಅಂದಿದ್ ಒಂದ್ ಮಾತಿಗೆ ಹಿಂಗಾಗ್ತದೆ ಅಂತ ಯಾವನಿಗ್ ಗೊತ್ತಿತ್ಲಾ," ಎಂದಿದ್ದ ಆಗ. ಆಮೇಲೆ ಬೋರ್ಡಿನ ಮೇಲಿನ ಆ ಸಾಲನ್ನು ಅಳಿಸಿಬಿಟ್ಟಿದ್ದ. ಈಗ ಮಿಷನ್ನಿನ ಕಡೆ ತಿರುಗಿಕೊಂಡ.

ಆ ಮ್ಯಾಟು ಈಗ ನನ್ನ ಹತ್ತಿರ ಇದೆ. ಇದನ್ನು ಬರೆದು ಮುಗಿಸಿದ ಮೇಲೆ ಹಟ್ಟಿಗೆ ತೆಗೆದುಕೊಂಡು ಹೋಗಿ ಈರಕ್ಕನ ಮುಂದೆ ಹಾಸುತ್ತೇನೆ. ಅವಳು ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಮಗಳ ಮದುವೆ ಮತ್ತೆ ಆಗುವುದಿಲ್ಲ. ಹಿಡಿ ಮಣ್ಣು ಹಾಕುವ ಹೊತ್ತೂ ಕಳೆದುಹೋಯಿತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವಳು ಅವತ್ತು ಕೇಳಿದ್ದಕ್ಕೆ ಮಾತ್ರ ಇದೆ.

ಅಂದು ಅಂಗಡಿಯ ಮುಂದೆ, ಹಗಲು ಬೆಳಕಿನಲ್ಲಿ, ಮ್ಯಾಟನ್ನು ಮಗುಚಿ ಹಾಸಿದೆ. ಅಂಚಿನಿಂದ ಅಂಚಿಗೆ ಬೆರಳಾಡಿಸಿ ನೋಡಿದೆ, ಹೊಲಿಗೆ ಬಿಚ್ಚಿ ಪಟ್ಟಿಯ ಒಳಗೂ ನೋಡಿದೆ. ಬೆನ್ನಿನ ಸೆಣಬು ಗೋಣಿಚೀಲದ ಬಣ್ಣದಲ್ಲೇ ಇದೆ. ಎಲ್ಲೂ ಕಪ್ಪಿಲ್ಲ. ಆ ಮ್ಯಾಟಿಗೆ ಯಾರೂ ಯಾವತ್ತೂ ಬಣ್ಣ ಬಳಿದಿಲ್ಲ.